ಹೊಸ ಮೀನು ಬಿಡುವ ಮೊದಲು ಹಳೆ ಮೀನಿನ ಖಾತೆ ರದ್ದು ಮಾಡಿ

ಪ್ರಶ್ನೆ: ನಮ್ಮ ಮನೆ ರಾಜಾಜಿನಗರದಲ್ಲಿ. ಹಾಲ್‌ನಲ್ಲಿ ಮೂರಡಿ ಉದ್ದದ ಅಕ್ವೇರಿಯಂ ಇದೆ. ಅಗಲ ಒಂದಡಿ, ಎತ್ತರ ಒಂದೂವರೆ ಅಡಿ. ಎರಡು ಕನ್ವಿಕ್ಟ್ ಚಿಕ್ಲಿಡ್, ಒಂದು ರೆಡ್‌ಟೇಲ್ ಶಾರ್ಕ್, ಒಂದು ಸಕ್ಕರ್ ಮೀನು ನಾಲ್ಕು ವರ್ಷದಿಂದ ಚೆನ್ನಾಗಿವೆ. ಮಗಳು ಆಸೆಪಟ್ಟಳು ಅಂತ ಹೋದ ತಿಂಗಳು ಒಂದು ಕೆಂಪು ಪ್ಯಾರಟ್ ಮೀನು ತಂದು ಬಿಟ್ಟೆವು. ಅಂಗಡಿಯವರು "ಎರಡು ದಿನ ಕಚ್ಚಾಡ್ತವೆ, ಆಮೇಲೆ ಅಡ್ಜಸ್ಟ್ ಆಗ್ತವೆ" ಅಂದಿದ್ದರು. ಎರಡೇ ಗಂಟೆಯಲ್ಲಿ ಅದರ ಬಾಲ ಹರಿದಿತ್ತು. ಮೂರನೇ ದಿನ ಬೆಳಿಗ್ಗೆ ಸತ್ತಿತ್ತು. ಮಗಳು ಈಗ ಕನ್ವಿಕ್ಟ್‌ಗಳಿಗೆ ಊಟ ಹಾಕಲೂ ಒಪ್ಪುತ್ತಿಲ್ಲ. ಇನ್ನೊಂದು ಮೀನು ತರಬಹುದಾ? ತಂದರೆ ಹೇಗೆ ಬಿಡಬೇಕು?

ಉತ್ತರ: ಮೊದಲು ಮಗಳ ಸಿಟ್ಟು ಇಳಿಸೋಣ. ನಿಮ್ಮ ಬೀದಿಯಲ್ಲೇ ಇಂಥ ಮನೆ ಒಂದಾದರೂ ಇರುತ್ತದೆ. ಗೇಟಿನ ಮುಂದಿನ ರಸ್ತೆ ಅವರದ್ದಲ್ಲ. ಆದರೂ ಎರಡು ಹೂಕುಂಡ, ಸಿಮೆಂಟ್ ತುಂಬಿದ ಒಂದು ಡಬ್ಬ ಇಟ್ಟು ಜಾಗ ಹಿಡಿದಿರುತ್ತಾರೆ. ಅಲ್ಲಿ ಯಾರಾದರೂ ಗಾಡಿ ನಿಲ್ಲಿಸಿದರೆ ರಂಪ. ಅದೇ ಮನುಷ್ಯ ನೆಂಟರ ಮನೆಗೆ ಹೋದಾಗ ತನ್ನ ಗಾಡಿಯನ್ನು ಎಲ್ಲೋ ಮೂಲೆಯಲ್ಲಿ ನಿಲ್ಲಿಸಿ ಸುಮ್ನೆ ಒಳಗೆ ಹೋಗುತ್ತಾನೆ. ನಿಮ್ಮ ಕನ್ವಿಕ್ಟ್‌ಗಳ ಕಥೆಯೂ ಇಷ್ಟೇ.

ಇದು ಬರೀ ಹೋಲಿಕೆ ಅಲ್ಲ. 1973ರಲ್ಲಿ ನೊಬೆಲ್ ಪಡೆದವರಲ್ಲಿ ಒಬ್ಬರಾದ ನಿಕೋ ಟಿನ್‌ಬರ್ಗನ್ ಎಂಬ ಡಚ್ ಪ್ರಾಣಿವಿಜ್ಞಾನಿ, ಸ್ಟಿಕಲ್‌ಬ್ಯಾಕ್ ಅನ್ನುವ ಪುಟ್ಟ ಮೀನುಗಳನ್ನು ಇಟ್ಟುಕೊಂಡು ಒಂದು ಪ್ರಯೋಗ ಮಾಡಿದ್ದರು. ಒಂದೇ ತೊಟ್ಟಿ, ಎರಡು ಗಂಡು. ಎಡಗಡೆ ಒಂದರ ಗೂಡು, ಬಲಗಡೆ ಇನ್ನೊಂದರದ್ದು. ಎರಡನ್ನೂ ಬೇರೆ ಬೇರೆ ಗಾಜಿನ ಕೊಳವೆಗಳಿಗೆ ಹಾಕಿ, ಎರಡೂ ಕೊಳವೆಗಳನ್ನು ಎಡಗಡೆಗೆ ಒಯ್ದರೆ ಎಡಗಡೆಯ ಮೀನು ಗಾಜಿನೊಳಗಿಂದಲೇ ಮೇಲೆ ಬೀಳಲು ನುಗ್ಗುತ್ತಿತ್ತು. ಬಲಗಡೆಯದು ಓಡಿಹೋಗಲು ನೋಡುತ್ತಿತ್ತು. ಕೊಳವೆಗಳನ್ನು ಬಲಗಡೆಗೆ ಒಯ್ದರೆ ಎಲ್ಲ ತಿರುಗುಮುರುಗು. ಮುಂಚೆ ನುಗ್ಗಿದ್ದು ಈಗ ಹೆದರುತ್ತಿತ್ತು. ಮೀನುಗಳು ಅವೇ, ಬದಲಾಗಿದ್ದು ಜಾಗ ಮಾತ್ರ.

ನಾನು ನಿಮಗೆ ಹೇಳಬೇಕಾದ್ದು ಹೆಚ್ಚುಕಡಿಮೆ ಇದರಲ್ಲೇ ಇದೆ. ಕಚ್ಚುವ ಮೀನಿನ ಗುಣ ಬದಲಿಸಲು ಆಗುವುದಿಲ್ಲ. "ಇದು ನನ್ನ ಜಾಗ" ಅನ್ನುವ ಅದರ ಲೆಕ್ಕವನ್ನು ಅಳಿಸಲು ಆಗುತ್ತದೆ. ಹೊಸದಕ್ಕೆ ಜಾಗ ಕೊಡುವುದಕ್ಕಿಂತ ಮೊದಲು ಹಳೆಯದರ ಖಾತೆ ರದ್ದು ಮಾಡಬೇಕು. ನೀವು ಮಾಡಿದ್ದು ಇದರ ಉಲ್ಟಾ. ನಾಲ್ಕು ವರ್ಷ ಪಟ್ಟು ಹಿಡಿದು ಕೂತ ಮಾಲೀಕರ ಮುಂದೆ ಒಂಟಿ, ಸುಸ್ತಾದ, ಜಾಗದ ಪರಿಚಯವೇ ಇಲ್ಲದ ಒಂದು ಮೀನನ್ನು ಇಳಿಸಿದಿರಿ.

ಅದರಲ್ಲೂ ಆ ಪ್ಯಾರಟ್ ಮೀನು ಪಾಪದ್ದು. ಅದು ಯಾವ ನದಿಯಲ್ಲೂ ಹುಟ್ಟಿದ್ದಲ್ಲ. ಚಿಕ್ಲಿಡ್ ಅಂದರೆ ನಿಮ್ಮ ಕನ್ವಿಕ್ಟ್‌ಗಳೂ ಸೇರಿದ ದೊಡ್ಡ ಮೀನಿನ ಕುಟುಂಬ; ಅದರ ಬೇರೆ ಬೇರೆ ಜಾತಿಗಳನ್ನು ಕೂಡಿಸಿ ಮನುಷ್ಯರು ಮಾಡಿದ ಬೆರಕೆ ತಳಿ. ಅದರ ಬಾಯಿ ಗಮನಿಸಿದ್ದೀರಾ? ಚಿಕ್ಕ ಸೀಳಿನ ಹಾಗಿರುತ್ತದೆ, ಪೂರ್ತಿ ಮುಚ್ಚುವುದೂ ಇಲ್ಲ. ಚಿಕ್ಲಿಡ್‌ಗಳ ಜಗಳ ಜಾಸ್ತಿ ನಡೆಯುವುದೇ ಬಾಯಲ್ಲಿ. ಎದುರುಬದುರು ನಿಂತು ತುಟಿಗೆ ತುಟಿ ಕಚ್ಚಿ ಎಳೆದಾಡಿ, ಯಾರು ಗಟ್ಟಿ ಎಂದು ತೀರ್ಮಾನ ಮಾಡಿಕೊಳ್ಳುತ್ತವೆ. ಆ ಪಂದ್ಯಕ್ಕೆ ಪ್ಯಾರಟ್ ಮೀನಿನ ಹತ್ತಿರ ಆಯುಧವೇ ಇಲ್ಲ. "ಅಡ್ಜಸ್ಟ್ ಆಗ್ತವೆ" ಅನ್ನುವ ಮಾತು ಬೆಂಗಳೂರಿನಲ್ಲಿ ಬಸ್ ಸೀಟಿಗೆ ಸರಿ. ಮೀನಿನ ತೊಟ್ಟಿಯಲ್ಲಿ ಸೋತವರಿಗೆ ಮುಂದಿನ ಸ್ಟಾಪಿನಲ್ಲಿ ಇಳಿದು ಹೋಗುವ ಅವಕಾಶ ಇರುವುದಿಲ್ಲ. ಕೆರೆಯಲ್ಲಾದರೆ ಸೋತ ಮೀನು ಹತ್ತು ಅಡಿ ಆಚೆ ಹೋಗಿ ಬದುಕಿಕೊಳ್ಳುತ್ತದೆ. ನಿಮ್ಮ ಮನೆಯಲ್ಲಿ ಮೂರನೇ ಅಡಿಗೆ ಗಾಜು.

ಈಗ ನಿಮ್ಮ ತೊಟ್ಟಿಯ ಲೆಕ್ಕ ನೋಡೋಣ. ಒಂದು ಘನ ಅಡಿಗೆ ಸುಮಾರು 28.3 ಲೀಟರ್. ನಿಮ್ಮದು ನಾಲ್ಕೂವರೆ ಘನ ಅಡಿ, ಅಂದರೆ 127 ಲೀಟರ್. ಜಲ್ಲಿ, ಕಲ್ಲು, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನೂರು ಚಿಲ್ಲರೆ ಲೀಟರ್ ನೀರು. ಆದರೆ ಜಾಗಕ್ಕೆ ಜಗಳ ಆಡುವ ಮೀನುಗಳಿಗೆ ಲೀಟರ್ ಲೆಕ್ಕ ಅಷ್ಟಾಗಿ ಬರುವುದಿಲ್ಲ. ಅವು ನೋಡುವುದು ನೆಲ. ನಿಮ್ಮಲ್ಲಿ ಇರುವ ನೆಲ ಮೂರು ಚದರ ಅಡಿ. ಅದಕ್ಕೆ ಎರಡು ಕನ್ವಿಕ್ಟ್, ಒಂದು ಶಾರ್ಕ್, ಒಂದು ಸಕ್ಕರ್, ಹೀಗೆ ನಾಲ್ಕು ಜನ ಪಾಲುದಾರರು. ನಾಲ್ಕೂ ತಳದ ಕಡೆಯೇ ಇರುವ ಮೀನುಗಳು. ಮೇಲಿನ ಅರ್ಧ ಖಾಲಿ, ಕೆಳಗೆ ನೂಕುನುಗ್ಗಲು.

ಇನ್ನೊಂದು ವಿಷಯ ನೀವು ಬರೆದಿಲ್ಲ, ನನಗೆ ಅನುಮಾನ ಇದೆ. ನಿಮ್ಮ ಎರಡು ಕನ್ವಿಕ್ಟ್ ಜೋಡಿ ಇರಬಹುದು. ಎರಡೂ ಗಂಡಾಗಿದ್ದರೆ ಇಷ್ಟು ಚಿಕ್ಕ ಜಾಗದಲ್ಲಿ ನಾಲ್ಕು ವರ್ಷ ಜೊತೆಗಿರುವುದು ಕಷ್ಟ. ಹೊಟ್ಟೆಯ ಪಕ್ಕ ನೋಡಿ. ಕಿತ್ತಳೆ ಬಣ್ಣದ ಮಚ್ಚೆ ಇದ್ದರೆ ಹೆಣ್ಣು. ಈ ಜಾತಿಯಲ್ಲಿ ಬಣ್ಣ ಇರುವುದು ಹೆಣ್ಣಿಗೆ, ಗಂಡು ಗಾತ್ರದಲ್ಲಿ ದೊಡ್ಡದು, ರೆಕ್ಕೆಗಳ ತುದಿ ಉದ್ದ. ಕನ್ವಿಕ್ಟ್ ಜೋಡಿ ಮೊಟ್ಟೆ ಇಡಲು ಹೆಚ್ಚು ಯೋಚನೆ ಮಾಡುವುದಿಲ್ಲ. ಒಂದು ಮಡಕೆ ಚೂರು ಸಿಕ್ಕರೆ ಸಾಕು, ಅದರ ಒಳಗೋಡೆಗೆ ಅಂಟಿಸುತ್ತವೆ. ಸುಮಾರು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ. ಇನ್ನೊಂದು ನಾಲ್ಕೈದು ದಿನಕ್ಕೆ ಮರಿಗಳು ಈಜುತ್ತವೆ. ಅಲ್ಲಿಂದ ಕೆಲವು ವಾರ ಅಪ್ಪ ಅಮ್ಮ ಇಬ್ಬರೂ ಕಾವಲು. ಆ ಸಮಯದಲ್ಲಿ ತಮಗಿಂತ ಎರಡು ಪಟ್ಟು ದೊಡ್ಡ ಮೀನನ್ನೂ ಅಟ್ಟಿಸಿಕೊಂಡು ಹೋಗುತ್ತವೆ, ನಿಮ್ಮ ಕೈ ಹಾಕಿದರೆ ಅದನ್ನೂ ಕುಟುಕುತ್ತವೆ. ನೀವು ಇದುವರೆಗೆ ಮರಿ ನೋಡಿಲ್ಲದಿದ್ದರೆ ರಾತ್ರಿ ಶಾರ್ಕ್ ಅಥವಾ ಸಕ್ಕರ್ ತಿಂದು ಮುಗಿಸಿರಬಹುದು.

ಮೊಟ್ಟೆ ಅಥವಾ ಮರಿ ಇರುವಾಗ ಯಾವ ಉಪಾಯವೂ ನಡೆಯುವುದಿಲ್ಲ. ಹೊಸ ಮೀನು ತರಲೇಬೇಡಿ. ಜೋಡಿ ಹೌದು ಎಂದಾದರೆ ಒಂದನ್ನು ಬೇರೆಯವರಿಗೆ ಕೊಡುವುದು ನನ್ನ ಸಲಹೆ. ಬೇಸರದ ಮಾತು, ಗೊತ್ತು. ಆದರೆ ಮೂರು ಚದರ ಅಡಿಯಲ್ಲಿ ಸಂಸಾರವಂದಿಗರ ಪಕ್ಕ ಬಾಡಿಗೆದಾರ ಉಳಿಯುವುದಿಲ್ಲ.

ಸಕ್ಕರ್ ಮೀನನ್ನಂತೂ ಈಗಲೇ ಕಳಿಸಿ. ಅಂಗಡಿಯಲ್ಲಿ ಎರಡಿಂಚಿನ ಮರಿಯಾಗಿ ಬರುವ ಇದು ಬೆಳೆದರೆ ಒಂದಡಿ ದಾಟುತ್ತದೆ. ನಿಮ್ಮ ತೊಟ್ಟಿಯ ಅಗಲವೇ ಒಂದಡಿ. ತಿರುಗಲೂ ಜಾಗ ಇಲ್ಲ. "ತೊಟ್ಟಿ ಕ್ಲೀನ್ ಮಾಡುತ್ತೆ" ಅಂತ ಎಲ್ಲರೂ ತರುತ್ತಾರೆ, ಅದು ಹಾಕುವ ಕಸ ಕ್ಲೀನ್ ಮಾಡುವುದಕ್ಕೇ ಇನ್ನೊಬ್ಬರು ಬೇಕು.

ಹಾಗಾದರೆ ಯಾವ ಮೀನು ತರಬೇಕು? ಇನ್ನೊಂದು ಪ್ಯಾರಟ್ ಬೇಡ. ಶಾರ್ಕ್ ಆಕಾರದ ಮೀನೂ ಬೇಡ. ರೆಡ್‌ಟೇಲ್ ಶಾರ್ಕ್ ಹೆಸರಿಗೆ ಮಾತ್ರ ಶಾರ್ಕ್, ಅದು ನಮ್ಮ ಗೆಂಡೆ ಮೀನಿನ ಕುಟುಂಬದ್ದು, ಥಾಯ್ಲೆಂಡ್ ಮೂಲದ್ದು. ತನ್ನ ಹಾಗೆ ಕಾಣುವ, ತನ್ನ ಹಾಗೆ ತಳದಲ್ಲಿ ಓಡಾಡುವ ಮೀನು ಕಂಡರೆ ಅದಕ್ಕೆ ಆಗುವುದಿಲ್ಲ. ಏಂಜೆಲ್, ಗಪ್ಪಿ, ಫೈಟರ್‌ನಂಥ ಉದ್ದ ರೆಕ್ಕೆಯ ನಿಧಾನಿ ಮೀನುಗಳು ಎರಡು ದಿನ ಬಾಳುವುದಿಲ್ಲ.

ನಿಮ್ಮ ತೊಟ್ಟಿಗೆ ನಾನು ಹೇಳುವುದು ಜೈಂಟ್ ಡೇನಿಯೋ. ಮಲಬಾರ್ ಡೇನಿಯೋ ಅಂತಲೂ ಸಿಗುತ್ತದೆ. ನಮ್ಮ ಪಶ್ಚಿಮ ಘಟ್ಟದ ತೊರೆಗಳ ಮೀನು. ನೀಲಿ, ಹಳದಿ ಗೆರೆ, ಮೂರು ನಾಲ್ಕು ಇಂಚು ಬೆಳೆಯುತ್ತದೆ. ಇದು ಮೇಲಿನ ಅರ್ಧದಲ್ಲಿ ಈಜುತ್ತದೆ, ಅಂದರೆ ಯಾರ ಸೈಟಿಗೂ ಕಾಲಿಡುವುದಿಲ್ಲ. ಹರಿಯುವ ನೀರಿನಲ್ಲಿ ಬೆಳೆದ ಜಾತಿ, ಓಟದಲ್ಲಿ ಕನ್ವಿಕ್ಟ್‌ಗೆ ಸಿಗುವುದಿಲ್ಲ. ಆರು ತನ್ನಿ. ಒಂದೇ ಮೀನಾದರೆ ಏಟೆಲ್ಲ ಅದಕ್ಕೇ ಬೀಳುತ್ತದೆ. ಆರಿದ್ದರೆ ಯಾವುದನ್ನು ಅಟ್ಟಬೇಕು ಎಂದು ಕನ್ವಿಕ್ಟ್‌ಗೇ ಗೊಂದಲ. ಐದು ಸೆಕೆಂಡ್ ಓಡಿ ಬಿಟ್ಟುಬಿಡುತ್ತದೆ. ಇನ್ನೊಂದು ಲಾಭ ಇದೆ. ಮೇಲೆ ಮೀನುಗಳು ಆರಾಮಾಗಿ ಓಡಾಡುತ್ತಿದ್ದರೆ ಕೆಳಗಿನವೂ "ಅಪಾಯ ಇಲ್ಲ" ಎಂದು ಸ್ವಲ್ಪ ಸಡಿಲ ಆಗುತ್ತವೆ. ಒಂದೇ ಎಚ್ಚರಿಕೆ, ಡೇನಿಯೋ ಚೆನ್ನಾಗಿ ಹಾರುತ್ತದೆ. ಮುಚ್ಚಳದಲ್ಲಿ ಪೈಪಿಗೆ ಬಿಟ್ಟ ಸಂದಿಯನ್ನೂ ಮುಚ್ಚಿ. ಮಗಳಿಗೆ ಕೆಂಪು ಮೀನೇ ಬೇಕು ಅಂದರೆ ರೋಸಿ ಬಾರ್ಬ್ ನೋಡಬಹುದು, ಅದೂ ಆರು. ಎರಡೂ ಸೇರಿಸಿ ಹನ್ನೆರಡು ತರಬೇಡಿ.

ತಂದ ಮೀನನ್ನು ನೇರ ತೊಟ್ಟಿಗೆ ಬಿಡಬೇಡಿ. 25-30 ಲೀಟರಿನ ಒಂದು ಪ್ಲಾಸ್ಟಿಕ್ ಟಬ್, ಮುಚ್ಚಳ, ಒಂದು ಸ್ಪಂಜ್ ಫಿಲ್ಟರ್ ಸಾಕು. ಮೀನು ತರುವ ಮೂರ್ನಾಲ್ಕು ವಾರ ಮೊದಲೇ ಆ ಸ್ಪಂಜನ್ನು ನಿಮ್ಮ ದೊಡ್ಡ ತೊಟ್ಟಿಯಲ್ಲಿ ಓಡಿಸಿ. ಮೀನಿನ ಗಲೀಜನ್ನು ಕರಗಿಸುವ ಬ್ಯಾಕ್ಟೀರಿಯಾ ಅದರಲ್ಲಿ ಮನೆ ಮಾಡಿಕೊಳ್ಳುತ್ತವೆ. ಆಮೇಲೆ ಟಬ್ಬಿಗೆ ಹಾಕಿದರೆ ಮೊದಲ ದಿನದಿಂದಲೇ ಕೆಲಸ ಮಾಡುತ್ತದೆ. ಹೊಸ ಮೀನುಗಳು ಮೂರು ವಾರ ಇಲ್ಲೇ ಇರಲಿ. ನಮ್ಮ ಊರಿನ ಅಂಗಡಿಗಳಿಗೆ ಬಹಳಷ್ಟು ಮೀನು ಚೆನ್ನೈ ಕಡೆಯಿಂದ ಬರುತ್ತದೆ. ಅಲ್ಲಿಯ ಕೊಳತ್ತೂರು ಈ ವ್ಯಾಪಾರಕ್ಕೇ ಹೆಸರಾದ ಜಾಗ. ಬ್ಯಾಗಿನಲ್ಲಿ ರಾತ್ರಿಯೆಲ್ಲ ಕುಲುಕಿ, ಅಂಗಡಿಯ ತುಂಬಿದ ತೊಟ್ಟಿಯಲ್ಲಿ ನಿಂತು, ಮತ್ತೆ ನಿಮ್ಮ ಬ್ಯಾಗಿಗೆ ಬಂದ ಮೀನಿಗೆ ಜಗಳ ಆಡುವ ತ್ರಾಣ ಎಲ್ಲಿರುತ್ತದೆ? ಮೂರು ವಾರ ತಿಂದು ಗಟ್ಟಿಯಾಗಲಿ. ಮೈಮೇಲೆ ರವೆ ಉದುರಿಸಿದ ಹಾಗೆ ಬಿಳಿ ಚುಕ್ಕೆ ಕಂಡರೆ ಅಲ್ಲೇ ಔಷಧಿ ಮಾಡಬಹುದು. ಆ ರೋಗ ತರುವ ಸೂಕ್ಷ್ಮಜೀವಿ ಸ್ವಲ್ಪ ಕಾಲ ಮೀನಿನ ಮೇಲೆ, ಸ್ವಲ್ಪ ಕಾಲ ತಳದಲ್ಲಿ ಇರುತ್ತದೆ. ಔಷಧಿ ತಾಗುವುದು ಅದು ನೀರಿನಲ್ಲಿ ಈಜುವಾಗ ಮಾತ್ರ. ನೀರು ತಣ್ಣಗಿದ್ದಷ್ಟೂ ಈ ಸುತ್ತು ನಿಧಾನ. ಡಿಸೆಂಬರ್, ಜನವರಿಯ ಬೆಂಗಳೂರು ಚಳಿಯಲ್ಲಿ ಟಬ್ಬಿಗೆ ಒಂದು ಸಣ್ಣ ಹೀಟರ್ ಇಟ್ಟು 25 ಡಿಗ್ರಿ ಇಡಿ.

ಬ್ಯಾಗಿನಿಂದ ಬಿಡುವಾಗ ಗಂಟೆಗಟ್ಟಲೆ ಹನಿ ಹನಿ ನೀರು ಹಾಕಬೇಕು ಅಂತ ಕೆಲವರು ಹೇಳುತ್ತಾರೆ. ಸಿಹಿನೀರಿನ ಗಟ್ಟಿ ಮೀನುಗಳಿಗೆ ಅದು ಬೇಡ. ಬಹಳ ಹೊತ್ತು ಕಟ್ಟಿಟ್ಟ ಬ್ಯಾಗಿಗಂತೂ ಅದರಿಂದ ಹಾನಿಯೇ ಜಾಸ್ತಿ. ಮುಚ್ಚಿದ ಬ್ಯಾಗಿನಲ್ಲಿ ಮೀನು ಬಿಟ್ಟ ಇಂಗಾಲದ ಡೈಆಕ್ಸೈಡ್ ತುಂಬಿ ನೀರು ಸ್ವಲ್ಪ ಹುಳಿಯಾಗಿರುತ್ತದೆ. ಆಗ ಅಮೋನಿಯಾ ಅಷ್ಟು ವಿಷ ಅಲ್ಲ. ಬ್ಯಾಗ್ ಬಿಚ್ಚಿದ ಮೇಲೆ ಅನಿಲ ಹೊರಗೆ ಹೋಗಿ ಹುಳಿ ಇಳಿಯುತ್ತದೆ, ಅದೇ ಅಮೋನಿಯಾ ವಿಷ ಆಗುತ್ತದೆ. ಹಾಗಾಗಿ ಮುಚ್ಚಿದ ಬ್ಯಾಗನ್ನು 15-20 ನಿಮಿಷ ತೇಲಿಸಿ, ಬಿಚ್ಚಿ, ಎರಡು ಮೂರು ಲೋಟ ಟಬ್ಬಿನ ನೀರು ಸೇರಿಸಿ, ಬಲೆಯಲ್ಲಿ ಎತ್ತಿ ಬಿಡಿ. ಬ್ಯಾಗಿನ ನೀರು ಗಿಡಕ್ಕೆ. ಅಂಗಡಿಯ ನೀರು ಕಾವೇರಿ, ನಿಮ್ಮದು ಬೋರ್‌ವೆಲ್ ಅಥವಾ ಟ್ಯಾಂಕರ್ ಆಗಿದ್ದರೆ ಗಡಸುತನದಲ್ಲಿ ಬಹಳ ವ್ಯತ್ಯಾಸ ಇರುತ್ತದೆ. ಆಗ ಮಾತ್ರ ಇನ್ನೊಂದು ಹತ್ತು ನಿಮಿಷ ನಿಧಾನ ಮಾಡಿ. ಕಾವೇರಿ ನೀರಿನ ಕ್ಲೋರಿನ್ ತೆಗೆಯುವ ಹನಿಗಳನ್ನು ನೀವು ಹೇಗೂ ಹಾಕುತ್ತಿರುತ್ತೀರಿ.

ಈ ಮೂರು ವಾರದಲ್ಲಿ ನೀವು ಕಲ್ಲು, ಮಡಕೆ ಹೊಂದಿಸಿಕೊಳ್ಳಿ. ಬೆನ್ಸನ್ ಟೌನ್ ಪಕ್ಕದ ಪಾಟರಿ ಟೌನ್‌ಗೆ ಹೋದರೆ ಬಣ್ಣ, ಪಾಲಿಶ್ ಇಲ್ಲದ ಮಣ್ಣಿನ ಕುಡಿಕೆ ಸಿಗುತ್ತದೆ. ತಳ ಒಡೆದು ಎರಡೂ ಕಡೆ ಬಾಯಿ ಮಾಡಿ. ಒಂದೇ ಬಾಯಿ ಇರುವ ಗುಹೆ ಅಡಗುವ ಜಾಗ ಅಲ್ಲ, ಬೋನು. ಒಳಗೆ ಹೋದ ಮೀನನ್ನು ಬಾಗಿಲಲ್ಲೇ ನಿಂತು ಹೊಡೆಯುತ್ತವೆ. ಗುಹೆ ಜಾಸ್ತಿಯೂ ಇಡಬೇಡಿ, ಕನ್ವಿಕ್ಟ್‌ಗೆ ಬಾಣಂತಿ ಕೋಣೆ ಮಾಡಿಕೊಟ್ಟ ಹಾಗಾಗುತ್ತದೆ. ಅದಕ್ಕಿಂತ ಗೋಡೆ ಮುಖ್ಯ. ನಿಂತ ಕಲ್ಲು, ಮರದ ಬೇರು, ಯಾವುದಾದರೂ ಸರಿ, ಒಂದು ತುದಿಯಿಂದ ನೋಡಿದರೆ ಇನ್ನೊಂದು ತುದಿ ಕಾಣಬಾರದು. ಕಣ್ಣಿಗೆ ಬೀಳದ ಮೀನಿನ ಮೇಲೆ ಜಗಳ ಹುಟ್ಟುವುದಿಲ್ಲ. ಗ್ರಾನೈಟ್ ತುಂಡುಗಳು ಈ ಊರಿನಲ್ಲಿ ಎಲ್ಲೆಂದರಲ್ಲಿ ಬಿದ್ದಿರುತ್ತವೆ, ನೀರಿನ ಗುಣವನ್ನೂ ಕೆಡಿಸುವುದಿಲ್ಲ. ಚೂಪು ಅಂಚು ಉಜ್ಜಿ ತೆಗೆಯಿರಿ. ಕಲ್ಲನ್ನು ಜಲ್ಲಿಯ ಮೇಲೆ ಇಡಬೇಡಿ. ಗಾಜಿನ ತಳಕ್ಕೆ ಒಂದು ತೆಳು ಪ್ಲಾಸ್ಟಿಕ್ ಹಾಳೆ ಹಾಸಿ, ಅದರ ಮೇಲೆ ಕಲ್ಲು ನಿಲ್ಲಿಸಿ, ಸುತ್ತ ಜಲ್ಲಿ ತುಂಬಿ. ಕನ್ವಿಕ್ಟ್ ಅಗೆಯುತ್ತದೆ. ಕೆಳಗಿನ ಜಲ್ಲಿ ಹೋದರೆ ಕಲ್ಲು ಉರುಳಿ ಗಾಜಿಗೆ ಬೀಳುತ್ತದೆ.

ಅಗೆಯುವುದು ಅಂದ ಕೂಡಲೇ ನನ್ನದೇ ಕಥೆ ನೆನಪಾಗುತ್ತದೆ. ವರ್ಷಗಳ ಹಿಂದೆ ನಾನು ತೊಟ್ಟಿಯ ಮಧ್ಯೆ ತೂತಿರುವ ಅಕ್ರಿಲಿಕ್ ಹಾಳೆ ನಿಲ್ಲಿಸಿ, ಒಂದು ಕಡೆ ಕನ್ವಿಕ್ಟ್, ಇನ್ನೊಂದು ಕಡೆ ಹೊಸ ಮೀನು ಬಿಟ್ಟು, ಬಹಳ ಬುದ್ಧಿವಂತ ಅಂದುಕೊಂಡು ತುಮಕೂರಿಗೆ ಮದುವೆಗೆ ಹೋಗಿದ್ದೆ. ಮಾರನೇ ದಿನ ಬಂದು ನೋಡಿದರೆ ಹಾಳೆಯ ಕೆಳಗೆ ಜಲ್ಲಿ ತೋಡಿ ಸುರಂಗ ಮಾಡಿದೆ. ಹೊಸ ಮೀನು ಹೀಟರ್ ಹಿಂದೆ ಸಿಕ್ಕಿಕೊಂಡು ನಿಂತಿದೆ, ಬಾಲದ ಜಾಗದಲ್ಲಿ ಎರಡು ಎಳೆ ಮಾತ್ರ ಉಳಿದಿವೆ. ಅದು ಬದುಕಿತು, ಆದರೆ ಬಾಲ ಮತ್ತೆ ಬೆಳೆಯಲು ತಿಂಗಳಾಯಿತು. ತಡೆ ಹಾಕುವುದಾದರೆ ಗಾಜಿನ ತಳಕ್ಕೆ ತಾಗಬೇಕು. ಮತ್ತೆ, ಹೊಸ ಮೀನು ಬಿಟ್ಟ ಮೂರು ದಿನ ಊರು ಬಿಡಬೇಡಿ. ಶನಿವಾರ ಬೆಳಿಗ್ಗೆ ಶುರು ಮಾಡಿ.

ಶನಿವಾರ ಮಾಡಬೇಕಾದ್ದು ಇದು. ಕನ್ವಿಕ್ಟ್ ಮತ್ತು ಶಾರ್ಕ್ ಎರಡನ್ನೂ ಹಿಡಿದು ಬಕೆಟ್‌ಗೆ ಹಾಕಿ, ಗಾಳಿ ಪಂಪ್ ಬಿಡಿ, ಮುಚ್ಚಿ. ತೊಟ್ಟಿಯೊಳಗಿನ ಪ್ರತಿಯೊಂದು ಕಲ್ಲು, ಬೇರು, ಗಿಡದ ಜಾಗ ಬದಲಿಸಿ. ಒಂದೆರಡು ಅಲ್ಲ, ಎಲ್ಲ. ಸಾಧ್ಯವಾದರೆ ಫಿಲ್ಟರ್ ಕೂಡ ಇನ್ನೊಂದು ತುದಿಗೆ. ಫಿಲ್ಟರಿನ ಸ್ಪಂಜು ತೊಳೆಯಬೇಡಿ, ನೀರು ಕಾಲು ಭಾಗ ಮಾತ್ರ ಬದಲಿಸಿ, ಇಲ್ಲದಿದ್ದರೆ ಒಂದು ಸಮಸ್ಯೆ ಬಿಟ್ಟು ಇನ್ನೊಂದು ಸಮಸ್ಯೆ. ಈಗ ಡೇನಿಯೋಗಳನ್ನು ಮೊದಲು ಬಿಡಿ. ಟಬ್ ಖಾಲಿಯಾಯಿತು ಅಲ್ವಾ? ಕನ್ವಿಕ್ಟ್ ಆ ಟಬ್ಬಿಗೆ ಹೋಗಲಿ. ನಾಲ್ಕು ದಿನ ಅಲ್ಲೇ ಇರಲಿ. ಶಾರ್ಕನ್ನು ಅದೇ ಸಂಜೆ ತೊಟ್ಟಿಗೆ ವಾಪಸ್ ಬಿಡಬಹುದು, ಅದು ಡೇನಿಯೋಗಳ ತಂಟೆಗೆ ಹೋಗುವುದು ಕಡಿಮೆ.

ಬುಧವಾರ ಕನ್ವಿಕ್ಟ್ ವಾಪಸ್ ಬರುವಾಗ ಕಥೆ ತಿರುಗಿರುತ್ತದೆ. ಈಗ ಡೇನಿಯೋಗಳು ಹಳಬರು, ಅದು ಹೊಸಬ. ಕಲ್ಲುಗಳ ಗುರುತೇ ಸಿಗುವುದಿಲ್ಲ. ಆದರೂ ಕೂಡಲೇ ಬಿಡಬೇಡಿ. ತೂತಿರುವ ಪ್ಲಾಸ್ಟಿಕ್ ತರಕಾರಿ ಬುಟ್ಟಿಯನ್ನು ತೊಟ್ಟಿಯ ಬಾಯಿಗೆ ಕಟ್ಟಿ, ಅರ್ಧ ಮುಳುಗಿಸಿ, ಒಂದು ರಾತ್ರಿ ಅದರಲ್ಲಿ ಇಡಿ. ನೋಡಲಿ, ವಾಸನೆ ಹಿಡಿಯಲಿ, ಮುಟ್ಟುವುದು ಬೇಡ. ಮಾರನೇ ದಿನ ಎಲ್ಲರಿಗೂ ಚೆನ್ನಾಗಿ ಊಟ ಹಾಕಿ, ಲೈಟ್ ಆರಿಸಿ, ಕತ್ತಲಲ್ಲಿ ಬುಟ್ಟಿ ಬಗ್ಗಿಸಿ. ಬೆಳಗಿನವರೆಗೆ ಲೈಟ್ ಬೇಡ. ಹೀಟರ್ 28ಕ್ಕೆ ಇದ್ದರೆ 25ಕ್ಕೆ ಇಳಿಸಿ, ಒಂದೇ ಸಲ ಅಲ್ಲ, ದಿನಕ್ಕೆ ಒಂದು ಡಿಗ್ರಿ. ಬೆಚ್ಚಗಿನ ನೀರಿನಲ್ಲಿ ಚಿಕ್ಲಿಡ್‌ಗಳಿಗೆ ಮೊಟ್ಟೆಯ ಯೋಚನೆ, ಅದರ ಹಿಂದೆಯೇ ಜಗಳ.

ಆಮೇಲೆ ಮಗಳಿಗೆ ಒಂದು ಕೆಲಸ ಕೊಡಿ. ತೊಟ್ಟಿಯ ಮುಂದೆ ಕೂತು ಅಟ್ಟುವುದು ಎಲ್ಲಿ ನಿಲ್ಲುತ್ತದೆ ಎಂದು ನೋಡಲಿ. ಕನ್ವಿಕ್ಟ್ ಒಂದು ಮಿತಿಯವರೆಗೆ ಅಟ್ಟಿ, ಅಲ್ಲಿಂದ ವಾಪಸ್ ತಿರುಗಿದರೆ ಗಾಬರಿ ಬೇಡ. ಬೇಲಿ ಹಾಕಿಕೊಳ್ಳುತ್ತಿದೆ ಅಷ್ಟೆ, ಎರಡು ವಾರದಲ್ಲಿ ಎಲ್ಲರಿಗೂ ಬೇಲಿ ಅಭ್ಯಾಸ ಆಗುತ್ತದೆ. ಎಲ್ಲಿ ಹೋದರೂ ಬೆನ್ನು ಬಿಡದಿದ್ದರೆ, ಒಂದೇ ಮೀನನ್ನು ಆರಿಸಿ ಹಿಡಿದುಕೊಂಡಿದ್ದರೆ, ಅಂದೇ ಮಧ್ಯೆ ಬರಬೇಕು. ಏಟು ತಿಂದ ಮೀನು ನೀರಿನ ಮೇಲಿನ ಮೂಲೆಯಲ್ಲಿ ರೆಕ್ಕೆ ಮಡಚಿ ನಿಂತಿರುತ್ತದೆ, ಬಣ್ಣ ಮಾಸಿರುತ್ತದೆ, ಊಟ ಹಾಕಿದರೆ ಬರುವುದಿಲ್ಲ. ನಿಮ್ಮ ಪ್ಯಾರಟ್ ಎರಡನೇ ದಿನ ಹೀಗೇ ಇತ್ತು ಅಂತ ನನ್ನ ಊಹೆ. ಆಗ ಹೊರಗೆ ತೆಗೆಯಬೇಕಾದ್ದು ಏಟು ತಿಂದದ್ದನ್ನಲ್ಲ, ಹೊಡೆದದ್ದನ್ನು. ಏಟು ತಿಂದದ್ದನ್ನು ತೆಗೆದರೆ ಹೊಡೆದದ್ದರ ಖಾತೆ ಇನ್ನಷ್ಟು ಗಟ್ಟಿ. ರೆಕ್ಕೆ ಹರಿದು ಗಾಯ ಆಗಿದ್ದರೆ ಮಾತ್ರ ಎರಡನ್ನೂ ಬೇರೆ ಬೇರೆ ಇಡಿ. ಇನ್ನೊಂದು ವಾರ ಕನ್ವಿಕ್ಟ್ ಟಬ್ಬಿನಲ್ಲಿ ಕಳೆಯಲಿ, ಮತ್ತೆ ಕಲ್ಲು ಬದಲಿಸಿ, ಮತ್ತೆ ಬಿಡಿ. ಎರಡನೇ ಸಲವೂ ಹೀಗೇ ಆದರೆ ಆ ಕನ್ವಿಕ್ಟ್ ಒಂಟಿಯಾಗಿರಲು ಹುಟ್ಟಿದ ಮೀನು. ಅಂಥವೂ ಇರುತ್ತವೆ. ತೊಟ್ಟಿ ಅದಕ್ಕೆ ಬಿಡಿ, ಅಥವಾ ಅದನ್ನು ಬಿಟ್ಟುಕೊಡಿ.

ಊಟವನ್ನು ಒಂದೇ ಕಡೆ ಹಾಕಬೇಡಿ. ಎಡ ತುದಿಗೆ ಒಂದು ಚಿಟಿಕೆ, ಕನ್ವಿಕ್ಟ್ ಅತ್ತ ಓಡಿದ ಕೂಡಲೇ ಬಲ ತುದಿಗೆ ಇನ್ನೊಂದು ಚಿಟಿಕೆ.

ಕೊಡಬೇಕಾದ ಮೀನುಗಳ ವಿಷಯ. ಕೆಲವು ಅಂಗಡಿಯವರು ವಾಪಸ್ ತೆಗೆದುಕೊಳ್ಳುತ್ತಾರೆ, ದುಡ್ಡು ಕೊಡದಿದ್ದರೂ ಪರವಾಗಿಲ್ಲ. ದೊಡ್ಡ ತೊಟ್ಟಿ ಇರುವ ಹವ್ಯಾಸಿಗಳೂ ಈ ಊರಿನಲ್ಲಿ ಬೇಕಾದಷ್ಟು ಜನ ಇದ್ದಾರೆ. ಆದರೆ ಸ್ಯಾಂಕಿ ಕೆರೆ ಹತ್ತಿರ ಇದೆ ಅಂತ ಸಂಜೆ ವಾಕಿಂಗ್ ನೆಪದಲ್ಲಿ ಅಲ್ಲಿ ಬಿಟ್ಟು ಬರಬೇಡಿ. ಸಕ್ಕರ್ ಮೀನಿಗೆ ಅಲ್ಲಿ ಸಾಯುವ ಭಯವೇ ಇಲ್ಲ, ಗಟ್ಟಿ ಚರ್ಮ, ಆಮ್ಲಜನಕ ಕಡಿಮೆ ಇದ್ದರೆ ಮೇಲೆ ಬಂದು ಗಾಳಿಯನ್ನೇ ನುಂಗುತ್ತದೆ. ಹೀಗೆ ಬಿಟ್ಟ ಸಕ್ಕರ್‌ಗಳು ದೇಶದ ಎಷ್ಟೋ ಕೆರೆ, ನದಿಗಳಲ್ಲಿ ನೆಲೆಯೂರಿ ನಮ್ಮ ಮೀನುಗಳ ಜಾಗ ಹಿಡಿದಿವೆ. ಅಲ್ಲಿ ಕಲ್ಲು ಬದಲಿಸಿ ಖಾತೆ ರದ್ದು ಮಾಡುವವರು ಯಾರೂ ಇಲ್ಲ.